ಸುಟ್ಟುಹೋಯಿತೆಂದ ಪ್ರಬಂಧ ತಿಜೋರಿಯಲ್ಲಿತ್ತು

ಮ್ಯೂನಿಕ್ ನಗರದ ಕೋನಿಗ್ಸ್‌ಪ್ಲಾಟ್ಸ್ ಚೌಕದ ಪಕ್ಕದಲ್ಲಿ ಒಂದು ಭಾರಿ ಕಲ್ಲಿನ ಕಟ್ಟಡವಿದೆ. ಹಿಟ್ಲರನ ಕಾಲದಲ್ಲಿ ಅದು ನಾಜಿ ಪಕ್ಷದ ಆಡಳಿತ ಕಚೇರಿ. ಯುದ್ಧ ಮುಗಿದ ಮೇಲೆ ಅಮೆರಿಕದ ಸೇನೆ, ನಾಜಿಗಳು ದೋಚಿದ್ದ ಕಲಾಕೃತಿಗಳನ್ನು ಅಲ್ಲಿ ಕಲೆಹಾಕಿ ವಾರಸುದಾರರಿಗೆ ಮರಳಿಸುವ ಕೆಲಸ ನಡೆಸಿತು. ಈಗ ಅಲ್ಲಿರುವುದು ಕಲಾ ಇತಿಹಾಸದ ಕೇಂದ್ರ ಸಂಶೋಧನಾ ಸಂಸ್ಥೆ. 2012ರಲ್ಲಿ ಅದರ ನೆಲಮಾಳಿಗೆಯ ಹಳೆಯ ಉಕ್ಕಿನ ತಿಜೋರಿಯಲ್ಲಿ ಕಲಾ ಇತಿಹಾಸಕಾರ ಸ್ಟೆಫಾನ್ ಕ್ಲಿಂಗನ್ ಅವರಿಗೆ ಒಂದು ಕಟ್ಟು ಸಿಕ್ಕಿತು. ಬೆರಳಚ್ಚಿನ ಹಾಳೆಗಳು, ಅವುಗಳ ಮೇಲೆ ಕೈಬರಹದ ತಿದ್ದುಪಡಿಗಳು. ವಿಷಯ: ಮೈಕೆಲ್ಯಾಂಜೆಲೊನ ರೂಪರಚನೆಯ ತತ್ವಗಳು. ಬರೆದವರು: ಎರ್ವಿನ್ ಪನೋಫ್‌ಸ್ಕಿ. ಎರಡನೇ ಮಹಾಯುದ್ಧದಲ್ಲಿ ನಾಶವಾಯಿತೆಂದು ವಿದ್ವತ್ ಲೋಕ ಕೈಬಿಟ್ಟಿದ್ದ ಪ್ರಬಂಧವದು.

ಚಿತ್ರ ಓದಲು ಕಲಿಸಿದ ಮೇಷ್ಟ್ರು

ಚಿತ್ರವನ್ನು ಬರಿದೇ ನೋಡುವುದಲ್ಲ, ಓದಬೇಕು ಎಂದು ಇಪ್ಪತ್ತನೇ ಶತಮಾನಕ್ಕೆ ಕಲಿಸಿದವರಲ್ಲಿ ಪನೋಫ್‌ಸ್ಕಿ (1892–1968) ಮುಖ್ಯರು. ಯಾನ್ ವಾನ್ ಐಕ್ ಬರೆದ ಆರ್ನೊಲ್ಫಿನಿ ದಂಪತಿಯ ಚಿತ್ರದಲ್ಲಿ ಹಗಲಲ್ಲೇ ಉರಿಯುವ ಒಂಟಿ ಮೇಣದಬತ್ತಿ, ಕಾಲ ಬಳಿ ನಿಂತ ಪುಟ್ಟ ನಾಯಿ ಇವೆ. ಇವು ಸುಮ್ಮನೆ ಬಂದವಲ್ಲ, ಮದುವೆಯ ಪಾವಿತ್ರ್ಯ ಮತ್ತು ನಿಷ್ಠೆಯ ಸಂಕೇತಗಳು ಎಂದು 1934ರಲ್ಲಿ ಅವರು ವಾದಿಸಿದರು. ಆ ವಾದವನ್ನು ಒಪ್ಪದವರು ಬಹಳ ಮಂದಿ ಇದ್ದಾರೆ. ಆದರೆ ಅದನ್ನು ಎದುರಿಸದೆ ಆ ಚಿತ್ರದ ಬಗ್ಗೆ ಬರೆದವರು ಕಡಿಮೆ.

ಇಷ್ಟಕ್ಕೆಲ್ಲ ಬುನಾದಿ ಬಿದ್ದದ್ದು ಹ್ಯಾಂಬರ್ಗ್‌ನಲ್ಲಿ. ಅಲ್ಲಿ ವಿಶ್ವವಿದ್ಯಾಲಯ ಆರಂಭವಾದದ್ದು 1919ರಲ್ಲಿ. ಜರ್ಮನಿಯಲ್ಲಿ ಆಗ ಪಿಎಚ್‌.ಡಿ. ಆದ ಮೇಲೂ ಪಾಠ ಹೇಳುವ ಹಕ್ಕಿಗಾಗಿ ಮತ್ತೊಂದು ದೊಡ್ಡ ಪ್ರಬಂಧ ಒಪ್ಪಿಸಬೇಕಿತ್ತು. ಪನೋಫ್‌ಸ್ಕಿ 1920ರಲ್ಲಿ ಒಪ್ಪಿಸಿದ್ದೇ ಈ ಮೈಕೆಲ್ಯಾಂಜೆಲೊ ಪ್ರಬಂಧ. 1926ರಲ್ಲಿ ಅವರು ಅಲ್ಲಿ ಪೂರ್ಣ ಪ್ರಾಧ್ಯಾಪಕರಾದರು.

1933ರ ವಸಂತದಲ್ಲಿ ಅವರು ನ್ಯೂಯಾರ್ಕ್‌ನಲ್ಲಿ ಅತಿಥಿ ಉಪನ್ಯಾಸಕರಾಗಿದ್ದಾಗ ಊರಿನಿಂದ ತಂತಿ ಬಂತು. ಯಹೂದಿ ಅಧಿಕಾರಿಗಳನ್ನೆಲ್ಲ ಕೆಲಸದಿಂದ ತೆಗೆಯಲಾಗಿದೆ, ನಿಮ್ಮ ಹುದ್ದೆಯೂ ಹೋಯಿತು ಎಂಬುದು ಸುದ್ದಿ. ತಂತಿಗೆ ಅಂಟಿಸಿದ್ದ ಹಸಿರು ಪಟ್ಟಿಯ ಮೇಲೆ ಈಸ್ಟರ್ ಹಬ್ಬದ ಶುಭಾಶಯ ಅಚ್ಚಾಗಿತ್ತೆಂದು ಅವರೇ ಮುಂದೆ ಬರೆದಿದ್ದಾರೆ. ಆ ಬೇಸಿಗೆಯಲ್ಲಿ ಹ್ಯಾಂಬರ್ಗ್‌ಗೆ ಮರಳಿ, ತಮ್ಮ ವಿದ್ಯಾರ್ಥಿಗಳ ಪಿಎಚ್‌.ಡಿ. ಪರೀಕ್ಷೆಗಳನ್ನು ಮುಗಿಸಿಕೊಟ್ಟು, 1934ರಲ್ಲಿ ಅಮೆರಿಕಕ್ಕೆ ಹೊರಟರು. 1935ರಿಂದ ಪ್ರಿನ್ಸ್‌ಟನ್‌ನ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ನೆಲೆಯೂರಿದರು. ಪ್ರಬಂಧ ಹಿಂದೆಯೇ ಉಳಿಯಿತು.

ದಾಟಿದ್ದು, ಉಳಿದದ್ದು

ಅದೇ 1933ರ ಡಿಸೆಂಬರ್‌ನಲ್ಲಿ, ಪನೋಫ್‌ಸ್ಕಿ ನಿತ್ಯ ಬಳಸುತ್ತಿದ್ದ ವಾರ್‌ಬರ್ಗ್ ಗ್ರಂಥಾಲಯ ಹ್ಯಾಂಬರ್ಗ್ ಬಿಟ್ಟಿತು. ಸುಮಾರು 60,000 ಪುಸ್ತಕಗಳು ‘ಹರ್ಮಿಯಾ’, ‘ಜೆಸ್ಸಿಕಾ’ ಎಂಬ ಎರಡು ಹಡಗುಗಳಲ್ಲಿ ಲಂಡನ್ ಸೇರಿ ಬದುಕಿಕೊಂಡವು. ಪ್ರಬಂಧ ಮಾತ್ರ ಹ್ಯಾಂಬರ್ಗ್‌ನಲ್ಲೇ ಉಳಿಯಿತು. 1943ರ ಬಾಂಬ್ ದಾಳಿಯಲ್ಲಿ ನಗರದ ಬಹುಭಾಗ ಸುಟ್ಟಾಗ ಅದೂ ಬೂದಿಯಾಯಿತೆಂದು ಭಾವಿಸಿದ್ದು ಸಹಜವೇ.

ಅದು ಮ್ಯೂನಿಕ್ ಸೇರಿದ ದಾರಿಯ ಕೊನೆಯಲ್ಲಿರುವುದು ಲುಡ್ವಿಗ್ ಹೈನ್ರಿಖ್ ಹೈಡೆನ್‌ರೈಖ್ ಅವರ ಹೆಸರು. ಪನೋಫ್‌ಸ್ಕಿ ಅವರ ಶಿಷ್ಯ, ಲಿಯೊನಾರ್ಡೊ ತಜ್ಞ. ಗುರು ಹೋದ ಮೇಲೆ ಹ್ಯಾಂಬರ್ಗ್‌ನಲ್ಲಿ ಪಾಠ ಮಾಡಿದವರು, 1947ರಿಂದ ಮ್ಯೂನಿಕ್ ಸಂಸ್ಥೆಯ ಮೊದಲ ನಿರ್ದೇಶಕರು. ಯುದ್ಧಾನಂತರ ಗುರು-ಶಿಷ್ಯರ ನಡುವೆ ಪತ್ರವ್ಯವಹಾರವೂ ಇತ್ತು. 1967ರಲ್ಲಿ ‘ಪೂರ್ ಲ ಮೆರಿಟ್’ ಗೌರವ ಸ್ವೀಕರಿಸಲು ಪನೋಫ್‌ಸ್ಕಿ ಮ್ಯೂನಿಕ್‌ಗೇ ಬಂದಿದ್ದರು. ಮರುವರ್ಷ ಅವರು ತೀರಿಕೊಂಡರು, 1978ರಲ್ಲಿ ಹೈಡೆನ್‌ರೈಖ್. ಪ್ರಬಂಧದ ಮಾತು ಹೊರಗೆ ಬರಲೇ ಇಲ್ಲ. ಶಿಷ್ಯ ಮರೆತರೋ, ಮುಚ್ಚಿಟ್ಟರೋ ಎಂಬ ಚರ್ಚೆ ನಡೆದಿದೆ. ಎರಡರಲ್ಲಿ ಒಂದನ್ನು ಸಾಬೀತು ಮಾಡುವ ಕಾಗದ ಸಿಕ್ಕಿಲ್ಲ.

ಪನೋಫ್‌ಸ್ಕಿ ಅವರ ಉಳಿದ ಕಾಗದಗಳ ಕಥೆ ಇದಕ್ಕೆ ತದ್ವಿರುದ್ಧ. ಅವರ ಪತ್ರಗಳು, ಟಿಪ್ಪಣಿಗಳು ವಾಷಿಂಗ್ಟನ್‌ನ ಸ್ಮಿತ್ಸೋನಿಯನ್ ಸಂಸ್ಥೆಯ ಅಮೆರಿಕನ್ ಕಲಾ ಪತ್ರಾಗಾರಕ್ಕೆ ಸೇರಿ, ವಿಂಗಡಣೆಯಾಗಿ, ಯಾರು ಕೇಳಿದರೂ ತೆಗೆದುಕೊಡುವಂತಿವೆ. 1910ರಿಂದ 1968ರವರೆಗಿನ ಪತ್ರಗಳ ಆಯ್ಕೆಯನ್ನು ಜರ್ಮನ್ ವಿದ್ವಾಂಸ ಡೀಟರ್ ವುಟ್ಕೆ ಐದು ಬೃಹತ್ ಸಂಪುಟಗಳಲ್ಲಿ ಸಂಪಾದಿಸಿದ್ದಾರೆ. ದೇಶಭ್ರಷ್ಟ ವಿದ್ವಾಂಸರ ಒಂದು ಇಡೀ ಪೀಳಿಗೆಯ ಇತಿಹಾಸ ಬರೆಯುವವರು ಇವತ್ತು ಆ ಸಂಪುಟಗಳನ್ನು ಬಿಟ್ಟು ಮುಂದೆ ಹೋಗಲಾರರು.

ಕರಡು ಹೇಳಿದ್ದೇನು?

ತಿಜೋರಿಯ ಪ್ರಬಂಧವನ್ನು ಪನೋಫ್‌ಸ್ಕಿ ಅವರ ಪತ್ನಿ, ಸ್ವತಃ ಕಲಾ ಇತಿಹಾಸಕಾರ್ತಿಯಾದ ಗೆರ್ಡಾ ಪನೋಫ್‌ಸ್ಕಿ ಸಂಪಾದಿಸಿ 2014ರಲ್ಲಿ ಪ್ರಕಟಿಸಿದರು. 2020ರಲ್ಲಿ ಇಂಗ್ಲಿಷ್ ಅನುವಾದವೂ ಬಂತು. ಸಂಕೇತಗಳ ಅರ್ಥ ಬಿಡಿಸುವವರು ಎಂದೇ ಹೆಸರಾದ ಪನೋಫ್‌ಸ್ಕಿ ಇಲ್ಲಿ ಬೇರೆಯೇ ಆಗಿ ಕಾಣುತ್ತಾರೆ. ಅರ್ಥದ ಗೋಜಿಗಿಂತ ಮೊದಲು ಆಕಾರ. ಮೈಕೆಲ್ಯಾಂಜೆಲೊನ ದೇಹಗಳು ಕಲ್ಲಿನ ಕಟ್ಟಿನೊಳಗೇ ತಿರುಚಿಕೊಂಡು ಒದ್ದಾಡುವುದೇಕೆ, ರಾಫೆಲ್‌ನ ದೇಹಗಳು ಹಗುರವಾಗಿ ತೆರೆದುಕೊಳ್ಳುವುದೇಕೆ ಎಂದು ಕಣ್ಣಳತೆಯಿಂದಲೇ ಶೋಧಿಸುತ್ತಾರೆ. 1939ರ ‘ಸ್ಟಡೀಸ್ ಇನ್ ಐಕನಾಲಜಿ’ ಪುಸ್ತಕದ ಮೈಕೆಲ್ಯಾಂಜೆಲೊ ಅಧ್ಯಾಯಕ್ಕೆ ಬೇರು ಎಲ್ಲಿತ್ತೆಂಬುದು ಈಗ ಗೊತ್ತಾಗುತ್ತದೆ. ಅಚ್ಚಾದ ಪುಸ್ತಕದಲ್ಲಿ ಸಿಗುವುದು ತೀರ್ಮಾನ ಮಾತ್ರ. ಹೊಡೆದುಹಾಕಿದ ಸಾಲು, ಮತ್ತೆ ಸೇರಿಸಿದ ಚೀಟಿ ಇವುಗಳಲ್ಲಿ ಆ ತೀರ್ಮಾನಕ್ಕೆ ಬಂದ ದಾರಿ ಸಿಗುತ್ತದೆ.

ಈ ಪ್ರಬಂಧವನ್ನು ಯುದ್ಧ ಕಳೆಯಲಿಲ್ಲ. ತಿಜೋರಿಯಲ್ಲಿ ಏನಿದೆ ಎಂಬ ಒಂದು ಪಟ್ಟಿ ಇಲ್ಲದಿದ್ದುದು ಕಳೆಯಿತು. ಕಾಗದವನ್ನು ಭದ್ರವಾಗಿಟ್ಟರೆ ಸಾಲದು, ಇದೆ ಎಂದು ನಾಲ್ಕು ಜನರಿಗೆ ತಿಳಿಯಬೇಕು. ನಮ್ಮಲ್ಲೂ ನಿವೃತ್ತ ಪ್ರಾಧ್ಯಾಪಕರ ಮನೆ ಖಾಲಿ ಮಾಡುವಾಗ ಪುಸ್ತಕಗಳು ಗ್ರಂಥಾಲಯಕ್ಕೂ ಕಾಗದಗಳು ರದ್ದಿಗೂ ಹೋಗುವುದು ವಾಡಿಕೆ. ಅಂಥ ಹಿರಿಯರು ನಿಮ್ಮ ಮನೆಯಲ್ಲಿದ್ದರೆ, ಅವರಿರುವಾಗಲೇ ಪಕ್ಕದಲ್ಲಿ ಕೂತು ಕಟ್ಟುಕಟ್ಟಿಗೂ ಹೆಸರು, ಇಸವಿ ಬರೆಸಿ ಒಂದು ಪಟ್ಟಿ ಮಾಡಿಡಿ. ಅದರ ಒಂದು ಪ್ರತಿಯನ್ನು ಅವರು ಪಾಠ ಹೇಳಿದ ವಿಶ್ವವಿದ್ಯಾಲಯಕ್ಕೆ ಕೊಡಿ.