ಬಳೆ ಅಡವಿಡದೆ ಶ್ರೀಲಂಕೆಗೆ

ನಮ್ಮ ಕಾಸರಗೋಡು ಸೀಮೆಯಲ್ಲಿ ಸಮುದ್ರ ದಾಟಿದವರಿಲ್ಲದ ಮನೆಗಳು ಕಡಿಮೆ. ಆದರೆ ದಾಟಿದವರಲ್ಲಿ ಹೆಚ್ಚಿನವರು ದುಡಿಯಲು ಹೋದವರು. ನೋಡಿ ಬರಲೆಂದು ಹೋದವರು ವಿರಳ. ಅಣ್ಣ ಇಪ್ಪತ್ತು ವರ್ಷ ಗಲ್ಫಿನಲ್ಲಿದ್ದರೂ ತಾನೊಮ್ಮೆಯೂ ವಿಮಾನ ಹತ್ತಲಿಲ್ಲವೆಂಬ ಕೊರಗು ನನ್ನ ಮನೆಯಾಕೆಗಿತ್ತು. ಶ್ರೀಲಂಕೆಗೆ ಹೋಗೋಣವೆಂದೆ. “ಬಳೆ ಅಡವಿಟ್ಟರಾಯಿತು” ಎಂದಳು. ಬೇಡವೆಂದು ಕಾಗದ, ಪೆನ್ಸಿಲು ಹಿಡಿದು ಕುಳಿತೆವು. ಹೊರಟದ್ದು ಒಂದು ವರ್ಷ ತಡವಾಗಿ, 2024ರ ಮೇ ತಿಂಗಳಲ್ಲಿ.

ಮೊದಲು ಮುಟ್ಟಬಾರದ ಹಣವನ್ನು ಬೇರೆ ಬರೆದೆವು: ಮಗಳ ಫೀಸು, ತಾಯಿಯ ಔಷಧಿ, ಮನೆಸಾಲದ ಕಂತು. ಉಳಿದುದರಲ್ಲಿ ತಿಂಗಳಿಗೆ 8,000 ರೂಪಾಯಿಯಂತೆ ಪ್ರತ್ಯೇಕ ಖಾತೆಗೆ ಹಾಕಿದೆವು. ವರ್ಷಕ್ಕೆ 96,000 ಆಯಿತು. ಮೂವರ ಐದು ದಿನಗಳ ಪ್ರವಾಸಕ್ಕೆ ಅದೇ ಗಡಿ. ಅರ್ಧ ಪಾಲು ಚೆನ್ನೈವರೆಗಿನ ರೈಲಿಗೂ ಅಲ್ಲಿಂದ ಕೊಲಂಬೋ ವಿಮಾನಕ್ಕೂ. ಹತ್ತರಲ್ಲೊಂದು ಪಾಲು ಆಪತ್ತಿಗೆ. ಮಿಕ್ಕದ್ದು ವಸತಿ, ಊಟ, ಓಡಾಟಕ್ಕೆ.

ಪಾಸ್‌ಪೋರ್ಟನ್ನು ಮೊದಲೇ ಮಾಡಿಸಿಕೊಳ್ಳಿ. ವಯಸ್ಕರಿಗೆ 36 ಪುಟದ್ದಕ್ಕೆ ಸಾಮಾನ್ಯ ಶುಲ್ಕ 1,500 ರೂಪಾಯಿ. ಹತ್ತು ವರ್ಷ ಬಾಳುತ್ತದೆ. ಪ್ರವೇಶಾನುಮತಿಗೆ ಆ ಸರಕಾರದ ಜಾಲತಾಣಕ್ಕೇ ಹೋಗಿ. ಮಧ್ಯವರ್ತಿಗಳು ಹೆಚ್ಚು ವಸೂಲು ಮಾಡುತ್ತಾರೆ. ಪ್ಯಾಕೇಜು ಕೊಂಡರೆ ಮೂಲದಲ್ಲೇ ತೆರಿಗೆ ಸೇರುತ್ತದೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಅದು ಹೊಂದಾಣಿಕೆಯಾಗುವುದಾದರೂ ಸದ್ಯಕ್ಕೆ ಕೈಯಿಂದ ಹೋಗುವ ಹಣವೇ.

ಕಾಲ ನೋಡುವುದೂ ಉಳಿತಾಯವೇ. ನಮ್ಮ ವಿಷುವಿನ ಹೊತ್ತಿಗೆ ಅಲ್ಲಿಯೂ ಹೊಸ ವರ್ಷ. ಅಂಗಡಿಗಳು ಮುಚ್ಚಿರುತ್ತವೆ, ಬಸ್ಸು ರೈಲುಗಳು ತುಂಬಿರುತ್ತವೆ. ಮೇ ಕೊನೆಗೆ ನೈಋತ್ಯ ಮುಂಗಾರು ಕೊಲಂಬೋ ಕಡೆಯ ಕರಾವಳಿಯನ್ನು ಹಿಡಿಯುತ್ತದೆ. ಶಾಲಾ ರಜೆಯವರಿಗೆ ಇವೆರಡರ ನಡುವಿನ ವಾರಗಳೇ ಅನುಕೂಲ.

ನಮ್ಮ ಒಂದು ರೂಪಾಯಿಗೆ ಅಲ್ಲಿನ ಮೂರಕ್ಕೂ ಹೆಚ್ಚು ರೂಪಾಯಿ ಸಿಗುತ್ತದೆ. ಕೈತುಂಬ ನೋಟು ಕಂಡು ಮೈಮರೆಯಬಾರದು. ಬೆಲೆಗಳೂ ಅದಕ್ಕೆ ತಕ್ಕಂತೆಯೇ ಇವೆ. ಕಾರ್ಡು ಬಳಸಿದರೆ ಬ್ಯಾಂಕುಗಳು ನೂರಕ್ಕೆ ಮೂರೂವರೆಯವರೆಗೂ ಹಿಡಿಯುವುದುಂಟು, ಮೊದಲೇ ಕೇಳಿಕೊಳ್ಳಿ. ಸಿಗಿರಿಯಾದಂತಹ ಕಡೆ ವಿದೇಶೀಯರ ಟಿಕೇಟು ದುಬಾರಿ. ಸಾರ್ಕ್ ದೇಶದವರಿಗೆ ರಿಯಾಯಿತಿಯಿದೆ, ಪಾಸ್‌ಪೋರ್ಟು ತೋರಿಸಬೇಕು.

ಬಾಡಿಗೆ ಕಾರಿನ ಬದಲು ನಾವು ಬಸ್ಸು, ರೈಲು ಹಿಡಿದೆವು. ಫಲಕಗಳಲ್ಲಿ ಸಿಂಹಳದ ಜತೆ ತಮಿಳೂ ಇಂಗ್ಲಿಷೂ ಇವೆ. ಮಲಯಾಳ ಬಲ್ಲ ನಮಗೆ ತಮಿಳರ ಮಾತು ಅಷ್ಟಿಷ್ಟು ತಿಳಿಯಿತು. ಗಡಿನಾಡಿನವರಿಗೆ ಇದೊಂದು ಲಾಭ! ಆದರೆ 2025ರ ನವೆಂಬರಿನ ದಿತ್ವಾ ಚಂಡಮಾರುತ ಮಲೆನಾಡಿನ ರೈಲುಹಾದಿಗೆ ಬಹಳ ಹಾನಿ ಮಾಡಿತು. ಕ್ಯಾಂಡಿ ಕಡೆಗೆ ಹೊರಡುವವರು ರೈಲು ಓಡುತ್ತಿದೆಯೇ ಎಂದು ವಿಚಾರಿಸಿಯೇ ವಸತಿ ಗೊತ್ತುಮಾಡಬೇಕು.

ಕೊನೆಯ ಸಂಜೆ ಕೊಲಂಬೋದ ಗಾಲೆ ಫೇಸ್ ಬಯಲಲ್ಲಿ ಕುಳಿತಿದ್ದೆವು. “ಇದು ನಮ್ಮ ಕುಂಬಳೆ ಕಡಲಿನ ಹಾಗೆಯೇ ಇದೆಯಲ್ಲ!” ಎಂದು ಮನೆಯಾಕೆ ನಕ್ಕಳು. ಬಳೆ ಕೈಯಲ್ಲೇ ಇತ್ತು. ಆಪತ್ತಿನ ಪಾಲಿನಲ್ಲಿ ಕರಗಿದ್ದು ಮಗಳ ಜ್ವರದ ಔಷಧಿಯಷ್ಟೇ. ಮಿಕ್ಕ ಹಣವನ್ನು ಊರಿಗೆ ಮರಳಿದ ಮೇಲೆ ಅದೇ ಖಾತೆಗೆ ಕಟ್ಟಿದೆವು.