ಟವರ್ ಇದೆ, ನೆಟ್ ಇಲ್ಲ!

ಮೊಬೈಲಲ್ಲಿ ನಾಲ್ಕೂ ಕಡ್ಡಿ ಇದೆ, ಕಾಲ್ ಹೋಗ್ತಿದೆ, ಆದ್ರೆ ವಾಟ್ಸಾಪಲ್ಲಿ ಫೋಟೋ ಸುಮ್ನೆ ಸುತ್ತುತ್ತಾನೇ ಇದೆ. ಮೊದಲು ರೀಚಾರ್ಜ್ ನೋಡಿ. ಎಷ್ಟೋ ಸಲ ದಿನದ ಡೇಟಾ ಮುಗಿದಿರುತ್ತೆ, ಅಷ್ಟೇ.

ಏರೋಪ್ಲೇನ್ ಮೋಡ್ ಹಾಕಿ, ಹತ್ತು ಎಣಿಸಿ, ತೆಗೀರಿ. ಆಗ್ಲಿಲ್ವಾ? ಆಂಡ್ರಾಯ್ಡ್ ಫೋನಾದ್ರೆ ಸೆಟ್ಟಿಂಗ್ಸ್‌ನಲ್ಲಿ ಮೊಬೈಲ್ ನೆಟ್‌ವರ್ಕ್ ಒಳಗೆ ಎಪಿಎನ್ ಅಂತ ಇರುತ್ತೆ. ನಿಮ್ಮ ಸಿಮ್ಮು ಇಂಟರ್ನೆಟ್ಟಿಗೆ ಹೋಗೋ ಬಾಗಿಲಿನ ಹೆಸರು ಅದು. ಜಿಯೋಗೆ ಜಿಯೋನೆಟ್, ಬಿಎಸ್‌ಎನ್‌ಎಲ್‌ಗೆ ಬಿಎಸ್‌ಎನ್‌ಎಲ್‌ನೆಟ್. ಇಂಗ್ಲಿಷಲ್ಲಿ, ಸಣ್ಣಕ್ಷರದಲ್ಲಿ, ಮಧ್ಯೆ ಜಾಗ ಬಿಡದೆ ಹಾಕಬೇಕು. ನಾನೊಮ್ಮೆ ಒಂದೇ ಒಂದು ಅಕ್ಷರ ತಪ್ಪಾಗಿ ಒತ್ತಿ ಎರಡು ದಿನ ಒದ್ದಾಡಿದೀನಿ! ಟೈಪ್ ಮಾಡೋಕೆ ಬೇಜಾರಾ? ಮೇಲಿರೋ ಮೂರು ಚುಕ್ಕಿ ಒತ್ತಿ, ರೀಸೆಟ್ ಟು ಡಿಫಾಲ್ಟ್ ಕೊಡಿ.

ಹಾಂ, ಫೋನಲ್ಲಿ ತಾರೀಖು ಸರಿಯಾಗಿದ್ಯಾ? ತಪ್ಪಿದ್ರೆ ಬಹಳಷ್ಟು ವೆಬ್‌ಸೈಟ್ ತೆರೆಯೋದೇ ಇಲ್ಲ.

ಇಷ್ಟಾದ್ರೂ ಬರ್ಲಿಲ್ಲ ಅಂದ್ರೆ ಸಿಮ್ ತೆಗೆದು ಮನೇಲಿರೋ ಇನ್ನೊಂದು ಫೋನಿಗೆ ಹಾಕಿ. ಅಲ್ಲಿ ನೆಟ್ ಬಂತಾ, ತೊಂದರೆ ನಿಮ್ಮ ಫೋನಿಂದು. ಅಲ್ಲೂ ಬರ್ಲಿಲ್ವಾ, ಸಿಮ್ ಕಂಪನಿಯವರನ್ನ ಕೇಳಿ. ಇದನ್ನ ನೋಡ್ಕೊಳ್ದೆ ರಿಪೇರಿ ಅಂಗಡಿಗೆ ಮಾತ್ರ ಹೋಗ್ಬೇಡಿ.