ಚಾಪ್ಲಿನ್ ಸೋತ ಕಾಳಗ

ಎದುರಾಳಿಯನ್ನು ನೆಲಕ್ಕುರುಳಿಸುವುದೇ ಗುರಿಯಾದ ಬಾಕ್ಸಿಂಗ್ ನನಗೆಂದೂ ಒಗ್ಗಿದ ಆಟವಲ್ಲ. ಆದರೂ ಚಾರ್ಲಿ ಚಾಪ್ಲಿನ್ ಅವರ ‘ಸಿಟಿ ಲೈಟ್ಸ್’ (1931) ಚಿತ್ರದ ಬಾಕ್ಸಿಂಗ್ ಪ್ರಸಂಗವನ್ನು ಎಷ್ಟು ಸಲ ನೋಡಿದರೂ ನನಗೆ ಬೇಸರವಾಗದು.

ಆ ಅಖಾಡ ಚಾಪ್ಲಿನ್‌ಗೆ ಹೊಸದಾಗಿರಲಿಲ್ಲ. 1914ರ ‘ದಿ ನಾಕೌಟ್’ ಚಿತ್ರದಲ್ಲಿ ಫ್ಯಾಟಿ ಆರ್ಬಕಲ್ ನಾಯಕ. ಚಾಪ್ಲಿನ್ ಬರೀ ರೆಫರಿ. ಮರುವರ್ಷದ ‘ದಿ ಚಾಂಪಿಯನ್’ನಲ್ಲಿ ಅವರೇ ಕಾಳಗಕ್ಕಿಳಿದರು. ಕೈಗವಸಿನೊಳಗೆ ಕುದುರೆಯ ಲಾಳ ಬಚ್ಚಿಟ್ಟುಕೊಳ್ಳುವ ಆ ಅಲೆಮಾರಿಗೆ ಕೊನೆಗೆ ಗೆಲುವು ತಂದುಕೊಡುವುದು ಅವನ ನಾಯಿ.

‘ಸಿಟಿ ಲೈಟ್ಸ್’ ತಯಾರಾಗುವ ಹೊತ್ತಿಗೆ ಹಾಲಿವುಡ್ ಮಾತು ಕಲಿತಿತ್ತು. ಸಂಗೀತವನ್ನು ಒಪ್ಪಿಕೊಂಡ ಚಾಪ್ಲಿನ್ ಸಂಭಾಷಣೆಯನ್ನು ಮಾತ್ರ ಹೊರಗಿಟ್ಟರು. ಹೀಗಾಗಿ ಹೇಳಬೇಕಾದುದೆಲ್ಲವನ್ನೂ ದೇಹವೇ ಹೇಳಬೇಕಿತ್ತು. 1930ರ ಜೂನ್‌ನಲ್ಲಿ ನಾಲ್ಕು ದಿನ ತಾಲೀಮು, ಆರು ದಿನ ಚಿತ್ರೀಕರಣ: ಪರದೆಯ ಮೇಲಿನ ಕೆಲವೇ ನಿಮಿಷಗಳಿಗೆ ತೆತ್ತ ಬೆಲೆಯಿದು. ಪ್ರೇಕ್ಷಕರಾಗಿ ನೂರಕ್ಕೂ ಹೆಚ್ಚು ಮಂದಿ ಬೇಕಾಗಿದ್ದರಿಂದ ಗೆಳೆಯರಿಗೂ ಕರೆ ಹೋಗಿತ್ತು.

ಎದುರಾಳಿಯಾಗಿ ನಟಿಸಿದ ಹ್ಯಾಂಕ್ ಮ್ಯಾನ್ ಕೀಸ್ಟೋನ್ ಕಾಲದ ಹಳೆಯ ಹಾಸ್ಯನಟ. ರೆಫರಿಯ ಬೆನ್ನ ಹಿಂದೆ ಅವಿತ ಚಾರ್ಲಿ, ಅವನನ್ನು ಅರಸುವ ಪೈಲ್ವಾನ, ನಡುವೆ ಸಿಕ್ಕ ರೆಫರಿ: ಮೂವರೂ ಒಂದೇ ಲಯದಲ್ಲಿ ಅತ್ತಿತ್ತ ಜಿಗಿಯುತ್ತಾರೆ. ಗಂಟೆಯ ಹಗ್ಗ ಚಾರ್ಲಿಯ ಕೊರಳಿಗೇ ಸುತ್ತಿಕೊಂಡು, ಅವನು ಓಡಿದಾಗಲೆಲ್ಲ ಗಂಟೆ ಬಾರಿಸುತ್ತದೆ. ಒಂದು ಹೆಜ್ಜೆ ತಪ್ಪಿದರೂ ನಗು ಸತ್ತುಹೋಗುವ ಲೆಕ್ಕಾಚಾರವದು.

ಆದರೆ ಈ ದೃಶ್ಯ ನಿಂತಿರುವುದು ಚಾತುರ್ಯವೊಂದರ ಮೇಲಲ್ಲ. ಅಂಧಳಾದ ಹೂವಾಡಗಿತ್ತಿಯ ಮನೆ ಬಾಡಿಗೆ ಬಾಕಿಯಿದೆ. ಚಾರ್ಲಿ ಬೀದಿ ಗುಡಿಸುವ ಕೆಲಸ ಕಳೆದುಕೊಂಡಿದ್ದಾನೆ. ಹೊಡೆದಾಟದ ನಾಟಕವಾಡಿ ಬಹುಮಾನ ಹಂಚಿಕೊಳ್ಳೋಣವೆಂದಿದ್ದವನು ಪೊಲೀಸರ ಭಯದಿಂದ ಪರಾರಿಯಾಗುತ್ತಾನೆ. ಅವನ ಜಾಗಕ್ಕೆ ಬಂದವನಿಗೆ ಒಳ ಒಪ್ಪಂದ ಬೇಡ, ಗೆಲುವೇ ಬೇಕು. ಚಾರ್ಲಿ ಸೋಲುತ್ತಾನೆ, ಹಣ ದಕ್ಕುವುದಿಲ್ಲ.

1915ರ ಅಲೆಮಾರಿ ಮೋಸದಿಂದಲಾದರೂ ಗೆದ್ದಿದ್ದ. ಅಷ್ಟರಲ್ಲೇ ನಮ್ಮ ನಗು ಮುಗಿದಿತ್ತು. 1931ರವನು ಏಟು ತಿಂದು ಮಲಗಿದಾಗ, ನಕ್ಕ ನಮಗೇ ಬಾಡಿಗೆಯ ನೆನಪಾಗುತ್ತದೆ. ಹಾಸ್ಯವನ್ನು ಹಗುರವೆಂದು ತಳ್ಳಿಹಾಕುವವರು ಈ ಎರಡೂ ಚಿತ್ರಗಳನ್ನು ಒಟ್ಟಿಗೆ ನೋಡಬೇಕು. ಬಡವನ ಸೋಲನ್ನು ಗೇಲಿ ಮಾಡದೆಯೂ ನಗಿಸಬಹುದೆಂಬ ಮಾತು, ಒಂದು ಪದವೂ ಇಲ್ಲದೆ, ಅಲ್ಲಿ ಸಾಬೀತಾಗಿದೆ.